ರೈಡ್ ಹತ್ತಲಾಗದ ಅಪ್ಪನಿಗೂ ಪಾರ್ಕಿನಲ್ಲಿ ಪೂರ್ತಿ ಟಿಕೆಟ್ ತೆಗೆಯಬೇಕಾ?

ಹೃದಯದ ಬೈಪಾಸ್ ಆಪರೇಷನ್ ಆಗಿ ರೈಡ್ ಹತ್ತಲಾಗದ ಅಪ್ಪನಿಗೂ ಪಾರ್ಕಿನಲ್ಲಿ ಪೂರ್ತಿ ರೊಕ್ಕ ಕೊಡಬೇಕಾ, ಇಲ್ಲಾ ಅವರನ್ನು ಹುಮನಾಬಾದಿನಲ್ಲೇ ಬಿಟ್ಟು ಹೋಗೋದಾ ಅಂತ ಬರೆದು ಕೇಳಿದ್ದೀರಿ. ನಮಗೂ ಹೀಗೇ ಆಗಿತ್ತು. ನಿಮ್ಮ ಅಪ್ಪನ ಜಾಗದಲ್ಲಿ ನಮ್ಮ ಅವ್ವ ಇದ್ದಳು, ಅಷ್ಟೇ ವ್ಯತ್ಯಾಸ. ಬಿಟ್ಟು ಹೋಗಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಬೇಸಿಗೆ ರಜೆಯಲ್ಲಿ ಕಲಬುರಗಿಯಿಂದ ಕ್ರೂಸರ್ ಗಾಡಿ ಮಾಡಿಕೊಂಡು ಹೈದರಾಬಾದ್ ಕಡೆಯ ಒಂದು ದೊಡ್ಡ ಪಾರ್ಕಿಗೆ ಹೋಗಿದ್ದೆವು. ನನ್ನ ಮಕ್ಕಳು, ಅಣ್ಣನ ಮಕ್ಕಳು, ಐದು ತಿಂಗಳ ಬಸುರಿ ತಂಗಿ, ಮಂಡಿ ಸವೆದ ಅವ್ವ. ಎಲ್ಲರ ಟಿಕೆಟ್ಟನ್ನೂ ಹಿಂದಿನ ರಾತ್ರಿ ಮೊಬೈಲಿನಲ್ಲಿ ನಾನೇ ತೆಗೆದೆ. ಕೆಟ್ಟದ್ದು ಅಲ್ಲೇ.

ಹಿರಿಯರ ಟಿಕೆಟ್ ಅಂತ ಕೆಳಗೆ ಒಂದು ಸಾಲು ಇತ್ತು. ವಯಸ್ಸಿನ ದಾಖಲೆ ತೋರಿಸಬೇಕು ಅಂತಲೂ ಬರೆದಿತ್ತು. ಅವ್ವ ಮಲಗಿದ್ದಳು. ಆಧಾರ್ ಕಾರ್ಡ್ ಎಲ್ಲಿದೆ ಅಂತ ಕೇಳೋಕೆ ಎಬ್ಬಿಸೋದು ಬೇಡ ಅನಿಸಿತು. ಎಲ್ಲರನ್ನೂ ದೊಡ್ಡವರ ಲೆಕ್ಕಕ್ಕೆ ಹಾಕಿ ರೊಕ್ಕ ಕಟ್ಟಿಬಿಟ್ಟೆ. ಬೆಳಿಗ್ಗೆ ಗೇಟಿನಲ್ಲಿ ಮಾತಾಡಿದರೆ ಆಯ್ತು, ರೈಡ್ ಹತ್ತದವರಿಗೆ ಏನಾದರೂ ಕಮ್ಮಿ ಮಾಡೇ ಮಾಡ್ತಾರೆ ಅಂದುಕೊಂಡೆ. ಆದರೆ ಆನ್‌ಲೈನಿನಲ್ಲಿ ಕಟ್ಟಿದ ಮೇಲೆ ಗೇಟಿನ ಹುಡುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅವನ ಹತ್ತಿರ ಇರುವುದು ಕೋಡ್ ಸ್ಕ್ಯಾನ್ ಮಾಡುವ ಯಂತ್ರ ಒಂದೇ. ಕೌಂಟರಿನಲ್ಲಿ ಕೂತವರಾದರೆ ಒಳಗೆ ಮ್ಯಾನೇಜರನ್ನು ಕೇಳಬಹುದು, ಇನ್ನೊಂದು ದರದ ಟಿಕೆಟ್ ಹರಿಯಬಹುದು. ಆಗಲೇ ಆಗಿರುವ ಬುಕಿಂಗನ್ನು ತಿದ್ದೋಕೆ ಅವರಿಗೂ ದಾರಿ ಇರಲಿಲ್ಲ, ವಾಪಸ್ ಕೊಡೋಕೂ ಇರಲಿಲ್ಲ. ಮೊದಲೇ ಫೋನ್ ಮಾಡಿದ್ದರೆ ಏನಾದರೂ ನೋಡಬಹುದಿತ್ತು ಅಂತ ಹಿಂದಿಯಲ್ಲಿ ಹೇಳಿದರು. ತಂಗಿಯದ್ದೂ ಅವ್ವನದ್ದೂ ಪೂರ್ತಿ ರೊಕ್ಕ ಹೋಯಿತು. ಒಂದು ಫೋನ್ ಮಾಡಿದ್ದರೆ, ಎಲ್ಲರದ್ದನ್ನೂ ಒಂದೇ ಬುಕಿಂಗಿನಲ್ಲಿ ತುರುಕದೆ ಇವರಿಬ್ಬರದ್ದನ್ನು ಬೇರೆ ಇಟ್ಟಿದ್ದರೆ, ಮಾತಾಡೋಕಾದರೂ ಜಾಗ ಇರುತ್ತಿತ್ತು.

ಒಳಗೆ ಹೋದ ಮೇಲೆ ಹೊಟ್ಟೆ ಇನ್ನೂ ಉರಿಯಿತು. ದೊಡ್ಡ ರೈಡುಗಳ ಮುಂದೆಲ್ಲಾ ಬೋರ್ಡು. ಗರ್ಭಿಣಿಯರು ಹತ್ತಬಾರದು, ಹೃದಯದ ತೊಂದರೆ, ಬಿಪಿ, ಬೆನ್ನುನೋವು ಇದ್ದವರು ಹತ್ತಬಾರದು. ಸರಿಯಾದ ನಿಯಮವೇ, ಹತ್ತಿಸಲೂ ಬಾರದು. ಆದರೆ ಹತ್ತಬೇಡಿ ಅನ್ನುವವರೂ ಅವರೇ, ಹತ್ತೋದಕ್ಕೆ ರೊಕ್ಕ ಇಸಿದುಕೊಂಡವರೂ ಅವರೇ. ಆ ಬೋರ್ಡನ್ನು ಟಿಕೆಟ್ ತೆಗೆಯುವ ಮುಂಚೆ ತೋರಿಸೋಕೆ ಏನು ಕಷ್ಟ?

ಅವ್ವ ಮರದ ಕೆಳಗಿನ ಕಟ್ಟೆ ಮೇಲೆ ಕೂತಳು. ಬಳೆಗಳ ನಡುವೆ ಗೇಟಿನಲ್ಲಿ ಕೈಗೆ ಕಟ್ಟಿದ ಕಾಗದದ ಪಟ್ಟಿ, ಯಾವ ರೈಡಿಗಾದರೂ ಬಿಡುವಂಥದ್ದು. ಮಡಿಲಲ್ಲಿ ನಮ್ಮೆಲ್ಲರ ಮೊಬೈಲು, ಕನ್ನಡಕ. ಕಾಲ ಹತ್ತಿರ ಮಕ್ಕಳ ಚಪ್ಪಲಿ. ಲಾಕರಿಗೆ ಬೇರೆ ಬಾಡಿಗೆ ಇತ್ತು, ಅವಳು ಕೂತಿದ್ದಕ್ಕೆ ಅದು ಉಳಿಯಿತು. ಚಿಕ್ಕವನು ಅವಳ ಹತ್ತಿರ ಇದ್ದ, ಅದಕ್ಕೇ ನಾವು ದೊಡ್ಡವರು ಒಟ್ಟಿಗೆ ಹತ್ತಿದೆವು. "ನನ್ನ ಸಲುವಾಗಿ ಎಷ್ಟು ಕೊಟ್ಟಿ?" ಅಂತ ಕೇಳಿದಳು. ಕಮ್ಮಿ ಹೇಳಿದೆ.

ಹಾಗಂತ ನೀವು ಬರೆದಿರುವಂತೆ ರೈಡ್ ಹತ್ತದವರನ್ನು ಪುಕ್ಕಟೆ ಬಿಡಬೇಕು ಅನ್ನೋದನ್ನು ನಾನು ಒಪ್ಪೋದಿಲ್ಲ. ಅವ್ವ ನೆರಳಲ್ಲಿ ಕೂತಳು, ನೀರು ಕುಡಿದಳು, ಶೌಚಾಲಯಕ್ಕೆ ಹೋದಳು, ಸಂಜೆ ಶೋ ನೋಡಿದಳು. ಅದನ್ನೆಲ್ಲಾ ನಡೆಸೋಕೆ ಖರ್ಚಿದೆ, ಅದಕ್ಕೆ ಕೊಡೋಣ. ನಾವು ಕೇಳಬೇಕಾದ್ದು ಬಾಗಿಲಿಗೆ ಒಂದು ದರ, ರೈಡಿಗೆ ಇನ್ನೊಂದು ದರ. ನಮ್ಮ ಶರಣಬಸವೇಶ್ವರ ಜಾತ್ರೆಯಲ್ಲಿ ಜಾಯಿಂಟ್ ವೀಲ್ ಹತ್ತುವವರು ಅಲ್ಲೇ ಟಿಕೆಟ್ ತಗೋತಾರೆ. ಕೆಳಗೆ ನಿಂತು ನೋಡುವ ಅಜ್ಜಿಯನ್ನು ಯಾರಾದರೂ ರೊಕ್ಕ ಕೇಳ್ತಾರಾ?

ದೊಡ್ಡ ಪಾರ್ಕುಗಳಿಗೂ ಇದು ಹೊಸದಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1843ರಲ್ಲಿ ಶುರುವಾದ ಟಿವೋಲಿಯಲ್ಲಿ ಒಳಗೆ ಬರೋಕೆ ಒಂದು ಟಿಕೆಟ್, ರೈಡುಗಳಿಗೆ ಬೇರೆ. ಅಮೆರಿಕದ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗಲೂ ಬಾಗಿಲಿನ ರೊಕ್ಕ ಬೇರೆ, ರೈಡುಗಳ ಚೀಟಿ ಬೇರೆ ಇತ್ತು. ಆ ಚೀಟಿಗಳನ್ನು 1982ರಲ್ಲಿ ನಿಲ್ಲಿಸಿದರು. ಒಂದೇ ಟಿಕೆಟ್ ಆದರೆ ಪ್ರತಿ ರೈಡಿನಲ್ಲೂ ಚೀಟಿ ನೋಡುವ ಕೆಲಸ ತಪ್ಪುತ್ತದೆ, ನಿಜ. ಕಮ್ಮಿ ಟಿಕೆಟ್ ತಗೊಂಡವರು ಕದ್ದು ಹತ್ತಿದರೆ ಏನು ಮಾಡೋದು ಅಂತಲೂ ಪಾರ್ಕಿನವರು ಕೇಳುತ್ತಾರೆ. ಕೈಗೆ ಪಟ್ಟಿ ಹೇಗೂ ಕಟ್ಟುತ್ತಾರಲ್ಲ, ರೈಡ್ ಇಲ್ಲದವರಿಗೆ ಬೇರೆ ಬಣ್ಣದ್ದು ಕಟ್ಟಲಿ.

ನೀವು ಈಗ ಮಾಡಬೇಕಾದ್ದು ಇಷ್ಟು. ಮಕ್ಕಳದ್ದು, ನಿಮ್ಮದು ಆನ್‌ಲೈನಿನಲ್ಲೇ ತೆಗೆಯಿರಿ. ಅಪ್ಪನದ್ದನ್ನು ಮಾತ್ರ ಬಿಡಿ. ಪಾರ್ಕಿಗೆ ಫೋನ್ ಮಾಡಿ, ಹಿರಿಯರಿಗೆ ಎಷ್ಟು, ರೈಡ್ ಇಲ್ಲದೆ ಬರುವವರಿಗೆ ಟಿಕೆಟ್ ಇದೆಯಾ ಅಂತ ಬಿಡಿಸಿ ಕೇಳಿ. ಅವರು ಏನಂದರೋ ಅದನ್ನು ಮೇಲ್ ಮಾಡಿಸಿಕೊಳ್ಳಿ. ಗೇಟಿನಲ್ಲಿ ಬಾಯಿಮಾತು ನಡೆಯೋದಿಲ್ಲ. ಅಪ್ಪನ ಆಧಾರ್, ಬೈಪಾಸಿನ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಯಾವ ರೈಡಿಗೆ ಯಾರು ಹತ್ತಬಾರದು ಅನ್ನೋದನ್ನು ಟಿಕೆಟ್ ಮಾರುವ ಪುಟದಲ್ಲೇ ಹಾಕಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾನು ಕೊಟ್ಟಿದ್ದೇನೆ. ಪೂರ್ತಿ ಟಿಕೆಟ್ಟೇ ಬೇಕು ಅಂದರೂ ಅಪ್ಪನನ್ನು ಕರೆದುಕೊಂಡೇ ಹೋಗಿ. ಎಷ್ಟಾಯಿತು ಅಂತ ಅವರು ಕೇಳಿದರೆ ಕಮ್ಮಿ ಹೇಳಿ.