ಹೆಣಿಗೆ, ಹೊಲಿಗೆ ಈಗಷ್ಟೇ ಕಲಿತಿದ್ದೇನೆ. ಎರಡು ತಿಂಗಳಲ್ಲಿ ಗೆಳತಿಯ ಮಗು ಬರಲಿದೆ. ಬೂಟಿ (ಮಗುವಿನ ಕಾಲಿಗೆ ಹಾಕುವ ಮೆತ್ತನೆ ಚೀಲ) ಹೆಣೆಯಲೋ, ಟೋಪಿ ಹೆಣೆಯಲೋ?

ಎರಡೂ ಬೇಡ.

ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಲೆಕ್ಕ ಹಾಕಿದ್ದೆ. ಅಕ್ಕನಿಗೆ ಆಗ ಏಳು ತಿಂಗಳು. ಮಗುವೇ ಪುಟ್ಟದು, ಅದರ ಟೋಪಿ ಇನ್ನೆಷ್ಟು, ಎರಡು ಸಂಜೆ ಸಾಕು ಅಂದುಕೊಂಡೆ. ಎರಡು ವಾರ ಹಿಡಿಯಿತು. ಹೆರಿಗೆಯಾದ ಮೇಲೆ ಹೆಮ್ಮೆಯಿಂದ ತೆಗೆದುಕೊಂಡು ಹೋದೆ. ತಲೆಗೆ ಇಟ್ಟರೆ ನೆತ್ತಿಯ ಮೇಲೆ ಸುಮ್ನೆ ಕೂತಿತು, ತೆಂಗಿನಕಾಯಿ ಮೇಲೆ ಬಟ್ಟಲು ಮುಚ್ಚಿದ ಹಾಗೆ. ಸ್ವಲ್ಪ ಎಳೆದೆ. ಮಗು ಕಿರುಚಿತು, ಹಣೆಯಲ್ಲಿ ಕೆಂಪು ಗೆರೆ ಮೂಡಿತು. ಅಕ್ಕ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿ ಇತ್ತು.

ತಪ್ಪು ಎಲ್ಲಾಯಿತು ಗೊತ್ತಾ? ಅಳತೆ ನೋಡೋಕೆ ಮೊದಲು ಒಂದು ಸ್ಯಾಂಪಲ್ ತುಂಡು ಹೆಣೆಯಲಿಲ್ಲ. ಪ್ಯಾಟರ್ನ್‌ನಲ್ಲಿ 10 ಸೆಂಟಿಮೀಟರ್‌ಗೆ 20 ಕುಣಿಕೆ ಬರಬೇಕು ಅಂತ ಬರೆದಿತ್ತು. ಒಟ್ಟು 72 ಕುಣಿಕೆ, ಅಂದರೆ 36 ಸೆಂಟಿಮೀಟರ್ ಸುತ್ತಳತೆ. ಹುಟ್ಟಿದ ಮಗುವಿನ ತಲೆ ಸುಮಾರು 35, ಲೆಕ್ಕ ಸರಿ. ಆದರೆ ಹೊಸಬರ ಕೈ ಬಿಗಿ. ಕುಣಿಕೆ ಜಾರಿಬಿಡುತ್ತೆ ಅನ್ನೋ ಭಯಕ್ಕೆ ನೂಲನ್ನು ಕತ್ತು ಹಿಸುಕಿದ ಹಾಗೆ ಎಳೆಯುತ್ತೇವೆ. ಆಮೇಲೆ ಟೇಪ್ ಹಿಡಿದು ನೋಡಿದರೆ ನನ್ನದು 10 ಸೆಂಟಿಮೀಟರ್‌ಗೆ 26! ಅದೇ 72 ಕುಣಿಕೆ, ಸುತ್ತಳತೆ 28 ಕೂಡ ಇಲ್ಲ. ಹೆಣಿಗೆ ಹಿಗ್ಗುತ್ತದೆ ನಿಜ, ಆದರೆ ಬಿಗಿಯಾಗಿ ಹೆಣೆದದ್ದು ಅಷ್ಟು ಹಿಗ್ಗಲ್ಲ. ಅದರ ಮೇಲೆ ಶುರುವಿನ ಸಾಲನ್ನು ಇನ್ನೂ ಬಿಗಿಯಾಗಿ ಹಾಕಿದ್ದೆ. ಆ ಅಂಚೇ ಹಣೆಗೆ ಒತ್ತಿದ್ದು. ಒಂದು ಅಂಗೈ ಅಗಲದ ಚೌಕ ಹೆಣೆದು ಅಳೆದಿದ್ದರೆ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತಿತ್ತು. ದಪ್ಪ ಕಡ್ಡಿ ಹಿಡಿದಿದ್ದರೆ ಮುಗಿಯುತ್ತಿತ್ತು. ಎರಡು ವಾರ ಹೋಯಿತು, ಮರ್ಯಾದೆನೂ ಹೋಯಿತು.

ಹಾಗಾಗಿ "ಸಣ್ಣದು ಅಂದರೆ ಸುಲಭ" ಅನ್ನೋದನ್ನೇ ನಾನು ಒಪ್ಪಲ್ಲ. ಸಣ್ಣದರಲ್ಲಿ ಒಂದೆರಡು ಸೆಂಟಿಮೀಟರ್ ತಪ್ಪಿದರೂ ಹಾಳು. ಬೂಟಿ ಇನ್ನೂ ಕಷ್ಟ. ಹಿಮ್ಮಡಿಯ ಹತ್ತಿರ ಹೆಣಿಗೆಯನ್ನು ತಿರುಗಿಸಿ ಆಕಾರ ಕೊಡಬೇಕು, ಒಂದೇ ಅಳತೆಯಲ್ಲಿ ಎರಡು ಬರಬೇಕು. ಅಷ್ಟೆಲ್ಲ ಮಾಡಿದ ಮೇಲೆ ಮಗು ಎರಡು ನಿಮಿಷದಲ್ಲಿ ಒದ್ದು ಬಿಸಾಕುತ್ತದೆ.

ಅಳತೆ ತಪ್ಪಿದರೂ ನಡೆಯುವಂಥದ್ದು ಮಾಡಿ. ಹೆಣಿಗೆ ಬೇಕೇ ಬೇಕು ಅಂದರೆ ಬರೀ ನಿಟ್ (ಹೆಣಿಗೆಯಲ್ಲಿ ಮೊದಲು ಕಲಿಯುವ ಸಾದಾ ಕುಣಿಕೆ) ಸಾಲುಗಳ ಸಣ್ಣ ಹೊದಿಕೆ. ಅದರ ಅಂಚು ಸುರುಳಿ ಸುತ್ತಿಕೊಳ್ಳಲ್ಲ. ತಿಳಿ ಬಣ್ಣದ ನೂಲು ತೊಗೊಳ್ಳಿ, ಕುಣಿಕೆ ಕಾಣಬೇಕಲ್ವಾ. ನವಿರು ಉದುರುವ ಮೊಹೇರ್ ಬೇಡ. ಆ ಹೊದಿಕೆ ಎತ್ತಿಕೊಂಡಾಗ ಹೊದಿಸೋದಕ್ಕೆ ಮಾತ್ರ, ಒಂದು ವರ್ಷದೊಳಗಿನ ಮಗು ಮಲಗಿದಾಗ ಪಕ್ಕದಲ್ಲಿ ಇಡಬಾರದು ಅಂತ ಗೆಳತಿಗೂ ಹೇಳಿ.

ನನ್ನನ್ನು ಕೇಳಿದರೆ ಮೊದಲು ಹೊಲಿಗೆ ಮಷಿನ್ ಮುಂದೆಯೇ ಕೂರಿ. ಹತ್ತಿ ಬಟ್ಟೆಯ ಜೊಲ್ಲುಬಟ್ಟೆ, ಅಂದರೆ ಬಿಬ್. ಎರಡು ಪದರ ಬಟ್ಟೆ, ತಿರುಗಿಸೋಕೆ ಸ್ವಲ್ಪ ಜಾಗ ಬಿಟ್ಟು ಸುತ್ತ ಒಂದು ಹೊಲಿಗೆ, ಒಳಮೈ ಹೊರಗೆ ತಿರುಗಿಸಿ ಇನ್ನೊಂದು, ಕತ್ತಿನ ಹಿಂದೆ ವೆಲ್ಕ್ರೋ. ಗುಂಡಿ ಬೇಡ, ಕಿತ್ತು ಬಂದರೆ ನೇರ ಬಾಯಿಗೆ. ಕತ್ತರಿಸುವ ಮುಂಚೆ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸಿ, ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಂದಲ್ಲ, ಆರು ಹೊಲಿಯಿರಿ. ಜೊಲ್ಲು ಸುರಿಸುವ ಮಗುವಿಗೆ ಆರೂ ಸಾಲಲ್ಲ.