ಪ್ರತಿಕ್ರಿಯೆ: ಸುನಿಲ್ ಅವರ ಗೋಲು ಯಾಕೆ ಕಡಿಮೆ?

"ಹಾಕಿ ಆಟಗಾರ ಎಸ್.ವಿ. ಸುನಿಲ್ ಫಾರ್ವರ್ಡ್ ಆಗಿದ್ದರೂ 264 ಪಂದ್ಯಕ್ಕೆ 72 ಗೋಲು ಮಾತ್ರ, ಇದು ಕಡಿಮೆ ಅಲ್ವಾ?" ಅಂತ ಕೇಳಿದ್ದೀರಿ. ಲೆಕ್ಕ ಸರಿ. ಆದರೆ ಅವರ ಕೆಲಸ ಬೇರೆ ಇತ್ತು.

ಹಳೆಯ ಪಂದ್ಯ ಯಾವುದಾದರೂ ಸಿಕ್ಕರೆ ಬಲಗಡೆ ಗೆರೆಯನ್ನೇ ನೋಡಿ. ಚೆಂಡು ಸಿಕ್ಕ ಕೂಡಲೇ ಅದನ್ನು ಒಂದು ಮಾರು ಮುಂದೆ ತಳ್ಳಿ, ಡಿಫೆಂಡರ್ ತಿರುಗುವಷ್ಟರಲ್ಲಿ ಅವನನ್ನು ದಾಟಿ ಓಡುತ್ತಿದ್ದರು. ಬೇಸ್‌ಲೈನ್ (ಗೋಲಿನ ಕಡೆಯ ಕೊನೆ ಗೆರೆ) ಹತ್ತಿರ ಹೋಗಿ ಚೆಂಡನ್ನು ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಹಿಂದಕ್ಕೆ ಕೊಡುವುದು. ಗೋಲು ಇನ್ನೊಬ್ಬರ ಹೆಸರಿಗೆ, ಇಲ್ಲವೇ ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ ಗೋಲಿನ ಅವಕಾಶ. ಆ ಓಟ ಅಂಕಿಯಲ್ಲಿ ಕಾಣುವುದಿಲ್ಲ.

ಸೋಮವಾರಪೇಟೆಯಲ್ಲಿ ಬಿದಿರಿನ ಕೋಲು ಹಿಡಿದು ಆಡಿ ಬೆಳೆದ ಹುಡುಗ. 2007ರ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಆಡಿದರು, ತಂಡ ಗೆದ್ದಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾವು ಕೊನೆಯ ಸ್ಥಾನ. ಎರಡೇ ವರ್ಷಕ್ಕೆ ಇಂಚಿಯಾನ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ. 16 ವರ್ಷದ ಕಾಯುವಿಕೆ ಅದು! ಆಮೇಲೆ 2016ರಲ್ಲಿ ಚಾಂಪಿಯನ್ಸ್ ಟ್ರೋಫಿ ಬೆಳ್ಳಿ, 2017ರಲ್ಲಿ ಅರ್ಜುನ ಪ್ರಶಸ್ತಿ.

ನನಗೆ ಈಗಲೂ ಸಂಕಟ ಆಗುವುದು ಕೊನೆಯ ಭಾಗಕ್ಕೆ. ಮೊಣಕಾಲಿನ ಗಾಯದಿಂದ 2018ರ ಭುವನೇಶ್ವರದ ವಿಶ್ವಕಪ್ ತಪ್ಪಿತು. 2021ರ ಟೋಕಿಯೊ ಒಲಿಂಪಿಕ್ಸ್ ತಂಡದಲ್ಲೂ ಜಾಗ ಸಿಗಲಿಲ್ಲ, ಅಲ್ಲೇ 41 ವರ್ಷದ ನಂತರ ಭಾರತಕ್ಕೆ ಒಲಿಂಪಿಕ್ಸ್ ಹಾಕಿ ಪದಕ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುನಿಲ್ ನಿವೃತ್ತಿ ಹೇಳಿದರು. ಆ ಕಂಚು ಅವರ ಕೊರಳಲ್ಲೂ ಇರಬೇಕಿತ್ತು ಅಂತ ನನಗೆ ಬಹಳ ಅನಿಸುತ್ತದೆ.

ಇಂಚಿಯಾನ್ ಫೈನಲ್ ಸಿಕ್ಕರೆ ಪೂರ್ತಿ ನೋಡಿ, ಬರೀ ಗೋಲುಗಳ ತುಣುಕು ಬೇಡ.