ಕಲ್ಪನೆಯ ಮನೆತನಕ್ಕೂ ಕಂದಾಯ ಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂತ್ರ, ಮಾಯೆ, ರಾಜ್ಯಗಳ ಕಾದಂಬರಿ ಬರೆಯುತ್ತಿರುವ ಮುಂಬೈ, ಪುಣೆ, ಗೋವೆಯ ಓದುಗರಿಂದ ಈ ಸಲ ಬಂದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ. ರಾಜನನ್ನೇ ನಡುಗಿಸುವ ಸರದಾರ ಮನೆತನವೊಂದರ ಇತಿಹಾಸವನ್ನು ನಂಬುವ ಹಾಗೆ ಕಟ್ಟುವುದು ಹೇಗೆ? ಆಯ್ದ ಆರು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಡೊಂಬಿವಲಿಯ ಓದುಗರು: ನನ್ನ ಬೆಳ್ಳಿಘಟ್ಟ ರಾಜ್ಯದಲ್ಲಿ ‘ಮೂರುಬಾವಿ’ ಎಂಬ ಮನೆತನವಿದೆ. ಅವರದು ಒಂದೇ ಕಣಿವೆ, 12 ಹಳ್ಳಿ. ಆದರೆ 20,000 ಕುದುರೆಗಳ ದಂಡು ಇಟ್ಟಿದ್ದಾರೆ. ಕರಡು ಓದಿದ ಗೆಳೆಯರು ಇದು ಆಗದ ಮಾತು ಅನ್ನುತ್ತಾರೆ. ಕಲ್ಪನೆಯ ಲೋಕದಲ್ಲಿ ಯಾಕೆ ಆಗಬಾರದು?

ನಿಮ್ಮ ಗೆಳೆಯರ ಮಾತು ಸರಿ. ಕುದುರೆಗೆ ರೆಕ್ಕೆ ಇದೆ ಅಂದರೆ ಓದುಗರು ಒಪ್ಪುತ್ತಾರೆ. ಆದರೆ ಅದು ಏನು ತಿನ್ನುತ್ತದೆ ಎಂಬುದು ಪುಟದಲ್ಲಿ ಎಲ್ಲೂ ಇಲ್ಲದಿದ್ದರೆ ಮನಸ್ಸು ತಡೆಯುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡೋಣ.

ಕೆಲಸ ಮಾಡುವ ಕುದುರೆಗೆ ದಿನಕ್ಕೆ ಕಡಿಮೆಯೆಂದರೂ 3 ಕಿಲೋ ಹುರುಳಿ ಅಥವಾ ಕಡಲೆ ಬೇಕು. ಕಣಿಕೆ, ಹುಲ್ಲು ಬೇರೆ. ಕಾಳೇ ವರ್ಷಕ್ಕೆ ಹತ್ತಿರ ಹತ್ತಿರ 11 ಕ್ವಿಂಟಲ್ ಆಯಿತು. ಈಗ ನಿಮ್ಮ ಕಣಿವೆಗೆ ಬನ್ನಿ. ಹಳ್ಳಿಗೆ 300 ಎಕರೆ ಬಿತ್ತನೆ, ಮಳೆಯಾಶ್ರಿತ ಭೂಮಿಯಲ್ಲಿ ಹಳೆಯ ಪದ್ಧತಿಯ ಬೇಸಾಯ, ಎಕರೆಗೆ 2 ಕ್ವಿಂಟಲ್ ಇಳುವರಿ ಎಂದಿಟ್ಟುಕೊಳ್ಳಿ. ಒಂದು ಹಳ್ಳಿಗೆ 600, ಹನ್ನೆರಡಕ್ಕೆ 7,200 ಕ್ವಿಂಟಲ್. ಕೆಳದಿಯ ಶಿವಪ್ಪ ನಾಯಕನ ‘ಶಿಸ್ತು’ ನಿಮಗೆ ಗೊತ್ತಿರಬಹುದು: ಭೂಮಿಯನ್ನು ಗುಣಕ್ಕೆ ತಕ್ಕಂತೆ ಐದು ದರ್ಜೆ ಮಾಡಿ, ಬೆಳೆಯ ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಮಾಡಿದ ಪದ್ಧತಿ ಅದು. ಅದೇ ಅಳತೆ ಹಿಡಿದರೆ ಮೂರುಬಾವಿಯವರ ಕಣಜಕ್ಕೆ ಬೀಳುವುದು 2,400 ಕ್ವಿಂಟಲ್. ಮನೆಯವರು, ಆಳುಕಾಳುಗಳು, ಪೂಜೆಯವರು, ಕಾವಲಿನವರು ಎಲ್ಲ ಉಪವಾಸ ಬಿದ್ದು ಕುದುರೆಗೇ ಹಾಕಿದರೂ 218 ಕುದುರೆ ಸಾಕಬಹುದು. 20,000 ಸಾಕಲು 1,100 ಹಳ್ಳಿ ಬೇಕು.

ದಂಡನ್ನು ಉಳಿಸಿಕೊಳ್ಳಲೇಬೇಕು ಅಂದರೆ ಮೂರು ದಾರಿಗಳಿವೆ.

ಮೊದಲನೆಯದು, ಕುದುರೆ ಯಾರದು ಎಂಬುದನ್ನು ಬದಲಿಸುವುದು. ಮರಾಠಾ ಸೈನ್ಯದಲ್ಲಿ ಬಾರಗೀರ ಮತ್ತು ಶಿಲೇದಾರ ಎಂಬ ಎರಡು ಬಗೆಯ ಸವಾರರಿದ್ದರು. ಬಾರಗೀರನಿಗೆ ಕುದುರೆ, ಆಯುಧ ಎರಡನ್ನೂ ಒಡೆಯನೇ ಕೊಡಬೇಕು. ಶಿಲೇದಾರ ತನ್ನ ಕುದುರೆ, ತನ್ನ ಕತ್ತಿಯೊಂದಿಗೆ ಬರುತ್ತಾನೆ. ಮೂರುಬಾವಿಯ ಲಾಯದಲ್ಲಿ 100 ಕುದುರೆ ಇರಲಿ. ಉಳಿದವರು ದಸರೆಯ ಸೀಮೋಲ್ಲಂಘನದ (ಗಡಿ ದಾಟಿ ದಂಡೆತ್ತಿ ಹೊರಡುವ) ಹೊತ್ತಿಗೆ ಕರೆ ಕೇಳಿ ಬಂದು, ಮಳೆ ಹಿಡಿಯುವ ಮೊದಲು ಊರಿಗೆ ಮರಳುವ ಶಿಲೇದಾರರಾಗಲಿ. ಇದರಿಂದ ಕಥೆಗೂ ಲಾಭವಿದೆ. ಲೂಟಿ ಸಿಗದ ವರ್ಷ ಅವರು ಬರುವುದಿಲ್ಲ.

ಎರಡನೆಯದು, ಪಕ್ಕದ ನಾಡಿನಿಂದ ಚೌಥಾಯಿ. ಚೌಥಾಯಿ ಅಥವಾ ಚೌಥ ಎಂದರೆ ಮರಾಠರು ಪಕ್ಕದ ನಾಡುಗಳಿಂದ ಎತ್ತುತ್ತಿದ್ದ, ಆ ನಾಡಿನ ಕಂದಾಯದ ನಾಲ್ಕರಲ್ಲೊಂದು ಪಾಲು; ಅದರ ಮೇಲೆ ಸರದೇಶಮುಖಿ ಎಂಬ ಇನ್ನೊಂದು ಪಾಲು, ಕಂದಾಯದ ನೂರಕ್ಕೆ 10. ವಸೂಲಾದ ಚೌಥ ಪೂರ್ತಿ ರಾಜನ ಬೊಕ್ಕಸಕ್ಕೆ ಹೋಗುತ್ತಿರಲಿಲ್ಲ. ನೂರರಲ್ಲಿ 25 ‘ಬಾಬತಿ’ ಎಂದು ರಾಜನಿಗೆ, 6 ‘ಸಹೋತ್ರಾ’, 3 ‘ನಾಡಗೌಡ’, ಮಿಕ್ಕ 66 ‘ಮೊಕಾಸಾ’ ಎಂದು ದಂಡು ಸಾಕುವ ಸರದಾರರಿಗೆ. ಸರದಾರ ಮನೆತನ ರಾಜನನ್ನು ಮೀರಿ ಬೆಳೆಯುವ ಬೀಜ ಈ 66ರಲ್ಲಿದೆ. ನಿಮ್ಮ ರಾಜ ಯಾಕೆ ದುರ್ಬಲ ಎಂದು ಪುಟಗಟ್ಟಲೆ ವಿವರಿಸುವ ಬದಲು ಈ ಹಂಚಿಕೆಯನ್ನು ಒಂದು ದರ್ಬಾರಿನ ದೃಶ್ಯದಲ್ಲಿ ಓದಿಸಿ, ಸಾಕು.

ಮೂರನೆಯದು ಘಟ್ಟದ ಸುಂಕ. ಕಣಿವೆ ಬಡವಾದರೂ ಬಂದರಿಗೆ ಇಳಿಯುವ ಏಕೈಕ ದಾರಿ ಅದರಲ್ಲಿದ್ದರೆ ಮನೆತನ ಶ್ರೀಮಂತವಾಗುತ್ತದೆ. ಅರಬ್ಬೀ ಕುದುರೆಗಳು ಗೋವೆಯ ಬಂದರಿನಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ವಿಜಯನಗರ, ಬಹಮನಿ ಇಬ್ಬರಿಗೂ ಗೋವೆ ಬೇಕಾಗಿದ್ದಕ್ಕೆ, 1510ರಲ್ಲಿ ಅದನ್ನು ಹಿಡಿದ ಪೋರ್ತುಗೀಸರು ಕುದುರೆ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಳ್ಳಲು ಹೆಣಗಿದ್ದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲೂ ಮುಚ್ಚಿರುತ್ತದೆ, ಘಟ್ಟವೂ ಮುಚ್ಚಿರುತ್ತದೆ. ಆ ನಾಲ್ಕು ತಿಂಗಳು ಸುಂಕದ ಪೆಟ್ಟಿಗೆ ಖಾಲಿ. ಮೂರುಬಾವಿಯವರು ಸಾಹುಕಾರನ ಮುಂದೆ ಕೈಚಾಚುವುದು ಆಗಲೇ.

ಕೋಥ್ರೂಡ್‌ನ ಓದುಗರು: ನನ್ನ ಮನೆತನಕ್ಕೆ 400 ವರ್ಷದ ಇತಿಹಾಸ. ವಂಶವೃಕ್ಷದಲ್ಲಿ ಆರು ಹೆಸರು ಬರೆದಿದ್ದೇನೆ. ಸಾಕೇ?

ಸಾಲದು. 400 ವರ್ಷಕ್ಕೆ ಆರು ತಲೆಮಾರು ಅಂದರೆ ಒಬ್ಬೊಬ್ಬರಿಗೂ 66ನೇ ವಯಸ್ಸಿನಲ್ಲಿ ಮಗ ಹುಟ್ಟಿದ ಲೆಕ್ಕ. ತಲೆಮಾರಿಗೆ 25ರಿಂದ 28 ವರ್ಷ ಹಿಡಿಯಿರಿ, 14ರಿಂದ 16 ತಲೆಮಾರು ಬರುತ್ತದೆ. ಇಲ್ಲಿ ಹೆಚ್ಚಿನವರು ಎಡವುವುದು ತಲೆಮಾರನ್ನೂ ಗದ್ದುಗೆಯ ಅವಧಿಯನ್ನೂ ಒಂದೇ ಎಂದುಕೊಂಡು. ಎರಡೂ ಬೇರೆ.

ನಿಮ್ಮ ಊರಿನ ಪೇಶ್ವೆ ಮನೆತನವನ್ನೇ ತೆಗೆದುಕೊಳ್ಳಿ. ಬಾಳಾಜಿ ವಿಶ್ವನಾಥನಿಗೆ ಪದವಿ ಸಿಕ್ಕಿದ್ದು 1713ರಲ್ಲಿ, ಎರಡನೇ ಬಾಜೀರಾಯ ಅದನ್ನು ಕಳೆದುಕೊಂಡಿದ್ದು 1818ರಲ್ಲಿ. 105 ವರ್ಷಕ್ಕೆ, ರಘುನಾಥರಾಯನನ್ನೂ ಸೇರಿಸಿದರೆ ಎಂಟು ಮಂದಿ, ಸರಾಸರಿ 13 ವರ್ಷ. ತಲೆಮಾರು ಮಾತ್ರ ಐದೇ. ಅಣ್ಣನ ನಂತರ ತಮ್ಮ, ಅವನ ನಂತರ ಚಿಕ್ಕಪ್ಪ, ಆಮೇಲೆ ಹಸುಗೂಸು, ಹೀಗೆ ಪದವಿ ಅಡ್ಡಡ್ಡ ಹರಿದಿದೆ. ಸವಾಯಿ ಮಾಧವರಾಯ ಹುಟ್ಟಿದ್ದು 1774ರ ಏಪ್ರಿಲ್‌ನಲ್ಲಿ. ಸಂಬಂಧದಲ್ಲಿ ಅವನಿಗೆ ಚಿಕ್ಕಪ್ಪನಾಗುವ ಎರಡನೇ ಬಾಜೀರಾಯ ಹುಟ್ಟಿದ್ದು 1775ರ ಜನವರಿಯಲ್ಲಿ. ಒಂಬತ್ತು ತಿಂಗಳು ಕಿರಿಯನಾದ ಚಿಕ್ಕಪ್ಪ! ಇಂಥ ಒಂದು ಓರೆಕೋರೆ ನಿಮ್ಮ ವಂಶವೃಕ್ಷದಲ್ಲಿದ್ದರೆ ಅದಕ್ಕೆ ಜೀವ ಬರುತ್ತದೆ. ಅಪ್ಪ, ಮಗ, ಮೊಮ್ಮಗ ಎಂದು ಸರಸರ ಇಳಿಯುವ ವೃಕ್ಷ ಯಾವ ಮನೆಯದೂ ಅಲ್ಲ.

ಕೆಲಸಕ್ಕೆ ಕೂತಾಗ ಅಡ್ಡಗೆರೆ ಕಾಗದದಲ್ಲಿ ಐದು ಕಲಮು ಮಾಡಿ: ಹುಟ್ಟಿದ ವರ್ಷ, ಗದ್ದುಗೆ ಏರಿದ ವಯಸ್ಸು, ಮೊದಲ ಮಗು ಹುಟ್ಟಿದಾಗಿನ ವಯಸ್ಸು, ಸತ್ತ ವರ್ಷ, ತಾಯಿಯ ತವರು. ತಾಯಿಯ ಕಲಮನ್ನು ಬಿಡಬೇಡಿ. ದಾಯಾದಿ ಜಗಳದಲ್ಲಿ ದಂಡು ಕಳಿಸುವುದು ಸೋದರಮಾವ.

ಹೆಸರಿನ ವಿಷಯ. ತಾತನ ಹೆಸರು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಬಾಳಾಜಿಯ ಮೊಮ್ಮಗ ಬಾಳಾಜಿ, ಬಾಜೀರಾಯನ ಮೊಮ್ಮಗ ಬಾಜೀರಾಯ. ಇದನ್ನು ಹಾಗೆಯೇ ಇಟ್ಟರೆ ಓದುಗರಿಗೆ ಗೊಂದಲ. ಅದಕ್ಕೇ ಮನೆಯಲ್ಲಿ ನಾನಾಸಾಹೇಬ, ಭಾವೂಸಾಹೇಬ, ದಾದಾಸಾಹೇಬ ಎಂದು ಕರೆಯುತ್ತಿದ್ದರು. ಶಾಸನದಲ್ಲಿ ಒಂದು ಹೆಸರು, ಅಡುಗೆಮನೆಯಲ್ಲಿ ಇನ್ನೊಂದು, ಹಗೆಯ ಬಾಯಲ್ಲಿ ಮತ್ತೊಂದು ಇರಲಿ.

ಘಾಟ್ಕೋಪರ್‌ನ ಓದುಗರು: ಮನೆತನದ ಕೊನೆಯ ಒಡೆಯ ಮಕ್ಕಳಿಲ್ಲದೆ ಸಾಯುತ್ತಾನೆ. ವಿಧವೆ ರಾಣಿ ದತ್ತು ತೆಗೆದುಕೊಳ್ಳುತ್ತಾಳೆ. ಚಕ್ರವರ್ತಿ ಒಪ್ಪುವುದಿಲ್ಲ. ಅವನು ಯಾವ ಕಾರಣ ಹೇಳಬಹುದು?

ಕಿತ್ತೂರಿನ ಕಥೆ ನಿಮ್ಮ ಮನಸ್ಸಿನಲ್ಲಿದೆ ಅನ್ನಿಸುತ್ತದೆ. ಅಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಈಸ್ಟ್ ಇಂಡಿಯಾ ಕಂಪನಿ ದತ್ತನ್ನು ಒಪ್ಪದೆ ಬೊಕ್ಕಸಕ್ಕೆ ಕೈಹಾಕಲು ಹೋಯಿತು. ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ, ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಸಾವಿನಿಂದ ಪತನದವರೆಗೆ ಮೂರು ತಿಂಗಳೂ ಹಿಡಿಯಲಿಲ್ಲ. ಬಹಳ ಕಾದಂಬರಿಗಳಲ್ಲಿ ಇಂಥ ಘಟನೆ ವರ್ಷಗಟ್ಟಲೆ ಎಳೆಯುತ್ತದೆ, ಅದು ಬೇಡ.

ದತ್ತನ್ನು ಮುರಿಯಲು ಹುಡುಕುವ ತಕರಾರುಗಳು ಹೆಚ್ಚುಕಡಿಮೆ ಇವೇ: ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಒಡೆಯನಿಗೆ ಪ್ರಜ್ಞೆ ಇತ್ತೇ? ಪತ್ರದ ಸಹಿ ಅವನದೇ? ಹುಡುಗ ಅದೇ ಗೋತ್ರದವನೇ? ದಾಯಾದಿಗಳು ಸಾಕ್ಷಿ ಹಾಕಿದ್ದಾರೆಯೇ? ಮೇಲಿನ ಪ್ರಭುವಿಗೆ ನಜರಾಣಾ (ಕಾಣಿಕೆ) ಕೊಟ್ಟು ಮೊದಲೇ ಅಪ್ಪಣೆ ಪಡೆದಿದ್ದರೇ? ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಹರಿತ. ಮಿಕ್ಕೆಲ್ಲಕ್ಕೂ ರಾಣಿ ಉತ್ತರ ಕೊಡಬಲ್ಲಳು, ಇದಕ್ಕೆ ಆಗುವುದಿಲ್ಲ. ನಿಮ್ಮ ಚಕ್ರವರ್ತಿಯ ಬಾಯಲ್ಲಿ ಇದನ್ನೇ ಇಡಿ.

ವಾಸ್ಕೋದ ಓದುಗರು: ಕಥೆಯ ನಡುವೆ ಮನೆತನದ ತಾಮ್ರಪಟವೊಂದು ಸಿಗುತ್ತದೆ. ಅದು ನಕಲಿ ಎಂದು ನಾಯಕಿ ಪತ್ತೆ ಹಚ್ಚಬೇಕು. ತಾಮ್ರಪಟ ಬರೆಯುವ ಕ್ರಮ ಹೇಗಿರುತ್ತದೆ?

ಮೊದಲು ದೇವತಾಸ್ತುತಿ. ಆಮೇಲೆ ವಂಶದ ಹೊಗಳಿಕೆ, ಬಿರುದುಗಳು. ಗೋವೆಯ ಕದಂಬರು ತಮ್ಮನ್ನು ‘ಸಪ್ತಕೋಟೀಶ್ವರ ಲಬ್ಧವರಪ್ರಸಾದ’ ಎಂದು ಕರೆದುಕೊಂಡರು, ಅವರ ಲಾಂಛನ ಸಿಂಹ. ನಂತರ ಕಾಲ: ವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಬಳಿಕ ಕೊಟ್ಟವರು, ಪಡೆದವರು, ಕೊಟ್ಟ ಭೂಮಿ. ಆಮೇಲೆ ನಾಲ್ಕು ದಿಕ್ಕಿನ ಗಡಿ: ಮೂಡಲಿಗೆ ಹಳ್ಳ, ತೆಂಕಲಿಗೆ ಹುತ್ತ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಆಲದ ಮರ. ಕೊನೆಗೆ ಶಾಪ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕವಿಲ್ಲದ ದಾನಶಾಸನ ಅಪರೂಪ.

ನಕಲಿ ಸಿಕ್ಕಿಬೀಳುವುದು ಹೆಚ್ಚಾಗಿ ಕಾಲದಲ್ಲಿ. ಶಕ ವರ್ಷಕ್ಕೆ 78 ಕೂಡಿಸಿದರೆ ನಮ್ಮ ಈಗಿನ ಇಸವಿ ಬರುತ್ತದೆ (ಜನವರಿಯಿಂದ ಯುಗಾದಿಯ ತನಕದ ದಿನಗಳಿಗೆ 79). ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗುವ ಚಕ್ರ: ಪ್ರಭವ 1987ರ ಯುಗಾದಿಗೆ ಬಂದಿತ್ತು, ಮತ್ತೆ ಬರುವುದು 2047ಕ್ಕೆ. ಇಸವಿ ಮತ್ತು ಸಂವತ್ಸರ ಒಂದಕ್ಕೊಂದು ಹೊಂದಲೇಬೇಕು. ಕಳ್ಳಪತ್ರ ಮಾಡುವವನು ಹಳೆಯ ವರ್ಷವನ್ನು ಊಹಿಸಿ ಬರೆಯುತ್ತಾನೆ, ಸಂವತ್ಸರಕ್ಕೆ ಹಿಂದಕ್ಕೆ ಎಣಿಸಲು ಸೋಮಾರಿತನ ಮಾಡುತ್ತಾನೆ. 1824ನೇ ಇಸವಿಗೆ ‘ತಾರಣ’ ಬರಬೇಕು, ಪತ್ರದಲ್ಲಿ ‘ಪಾರ್ಥಿವ’ ಎಂದಿದ್ದರೆ ಒಂದು ವರ್ಷ ತಪ್ಪಿದೆ. ಆದರೆ ಅವಸರ ಬೇಡ. ಗತವರ್ಷ (ಮುಗಿದ ವರ್ಷ), ವರ್ತಮಾನ ವರ್ಷ (ನಡೆಯುತ್ತಿರುವ ವರ್ಷ) ಎಂಬ ಎರಡು ಎಣಿಕೆ ಇರುವುದರಿಂದ ಒಂದು ವರ್ಷದ ವ್ಯತ್ಯಾಸ ಅಸಲಿ ಶಾಸನದಲ್ಲೂ ಕಾಣುತ್ತದೆ. ಹತ್ತು ಹದಿನೈದು ವರ್ಷ ತಪ್ಪಿದ್ದರೆ ನಾಯಕಿ ಎದ್ದು ನಿಲ್ಲಲಿ. ಗೋವೆಯ ಕದಂಬರ ಕೆಲವು ಶಾಸನಗಳು ಕಲಿಯುಗದ ವರ್ಷದಲ್ಲಿವೆ. ಅದರಿಂದ 3,101 ಕಳೆದರೆ ಇಸವಿ. ನಿಮ್ಮ ಮನೆತನವೂ ಹೀಗೊಂದು ಬೇರೆ ಎಣಿಕೆ ಹಿಡಿದಿದ್ದರೆ, ಅದನ್ನು ಅರಿಯದ ನಕಲುಗಾರ ಅಲ್ಲೇ ಜಾರುತ್ತಾನೆ.

ಕಾಗದದ ಪತ್ರವಾದರೆ ಮರಾಠಾ ಕಾಲದ ಕ್ರಮ ನೋಡಿ: ಮೇಲೆ ದೊಡ್ಡ ಶಿಕ್ಕಾ, ಬರಹ ಮುಗಿದಲ್ಲಿ ‘ಮೋರ್ತಬ್’ ಎಂಬ ಚಿಕ್ಕ ಮುದ್ರೆ. ಕೆಳಗಿನ ಖಾಲಿ ಜಾಗದಲ್ಲಿ ಯಾರೂ ಎರಡು ಸಾಲು ಸೇರಿಸಬಾರದು ಎಂದು ಈ ವ್ಯವಸ್ಥೆ. ಮುದ್ರೆಯ ಕೆಳಗೂ ಬರಹ ಮುಂದುವರಿದಿದ್ದರೆ ಅನುಮಾನಿಸಬೇಕು. ಓದಲು ಬೇಕಾದವರು ಮುಂಬೈಯ ಫೋರ್ಟ್‌ನಲ್ಲಿರುವ ಏಷಿಯಾಟಿಕ್ ಸೊಸೈಟಿ ಗ್ರಂಥಾಲಯದಲ್ಲಿ ಶಾಸನಗಳ ಪಾಠವಿರುವ ‘ಎಪಿಗ್ರಾಫಿಯಾ ಇಂಡಿಕಾ’ ಸಂಪುಟಗಳನ್ನು ಕೇಳಿ. ಮೋಡಿ ಲಿಪಿಯ (ಹಳೆಯ ಮರಾಠಿ ಕೈಬರಹದ) ಕಾಗದಗಳಿಗೆ ಪುಣೆಯ ಸದಾಶಿವ ಪೇಠೆಯ ಭಾರತ ಇತಿಹಾಸ ಸಂಶೋಧಕ ಮಂಡಳ ಇದೆ, 1910ರಲ್ಲಿ ಶುರುವಾದದ್ದು.

ಠಾಣೆಯ ಓದುಗರು: ಮನೆತನ ಎರಡು ಹೋಳಾಗುವಾಗ ಏನೇನು ಹಂಚಿಕೊಳ್ಳುತ್ತಾರೆ?

ಹಳ್ಳಿ, ಕೋಟೆ, ಸಾಲ, ಇವನ್ನೆಲ್ಲ ಹಂಚಬಹುದು. ಹಂಚಲಾಗದ ಒಂದು ವಸ್ತುವನ್ನು ನೀವು ಇಟ್ಟಿರಬೇಕು, ಜಗಳ ಅದರ ಮೇಲೆ ನಡೆಯಬೇಕು. ಪಟವರ್ಧನ ಮನೆತನದ ಚಿಂತಾಮಣರಾಯ ಚಿಕ್ಕಪ್ಪನ ಮೇಲೆ ಮುನಿದು 1801ರಲ್ಲಿ ಮಿರಜ ಬಿಟ್ಟು ಸಾಂಗಲಿಗೆ ಹೋದಾಗ ಮನೆದೇವರಾದ ಗಣಪತಿಯ ಮೂರ್ತಿಯನ್ನೂ ಜೊತೆಗೆ ಒಯ್ದ. ಕೋಟೆ ಹಿರಿಯರಿಗೆ ಉಳಿಯಿತು, ದೇವರು ಕಿರಿಯರ ಮನೆ ಸೇರಿತು. ಇನ್ನು ಯಾರ ಮನೆ ಮೂಲ ಮನೆ?

ಮಡಗಾಂವ್‌ನ ಓದುಗರು: ರಾಜ್ಯ ಕಳೆದುಕೊಂಡ ಮೇಲೂ ಮನೆತನ ಉಳಿಯಬಹುದೇ?

ಉಳಿಯಬಹುದು, ನಿಮ್ಮ ಹತ್ತಿರದಲ್ಲೇ ಉದಾಹರಣೆ ಇದೆ. 1760ರ ದಶಕದಲ್ಲಿ ಹೈದರ್ ಅಲಿಯ ದಂಡು ಬಂದಾಗ ಉತ್ತರ ಕನ್ನಡದ ಸೋದೆಯ ಅರಸ ಘಟ್ಟ ಇಳಿದು ಗೋವೆಯ ಪೋರ್ತುಗೀಸರ ಆಶ್ರಯಕ್ಕೆ ಬಂದ. ಫೋಂಡಾ, ಕಾಣಕೋಣದ ಕಡೆಯ ಅವನ ನೆಲ ಅವರ ಕೈಸೇರಿತು, ಮನೆತನದ ಜೀವನಕ್ಕೆ ಅವರಿಂದ ವರ್ಷಾಶನ ಬಂತು. ಇಂಥ ಮನೆಯ ಒಳಗನ್ನು ಬರೆಯುವಾಗ ಬಿರುದುಗಳನ್ನು ಒಂದೂ ಕಡಿಮೆ ಮಾಡಬೇಡಿ. ದಸರೆಗೆ ದರ್ಬಾರು ನಡೆಯಲಿ, ಪಲ್ಲಕ್ಕಿ ಹೊರಡಲಿ, ಭಟರು ಹಳೆಯ ಗಡಿಗಳ ಹೆಸರನ್ನು ಕೂಗಲಿ. ಪಲ್ಲಕ್ಕಿಗೆ ಹಿಂದೆ ಎಂಟು ಜನ ಹೆಗಲು ಕೊಡುತ್ತಿದ್ದಲ್ಲಿ ಈಗ ನಾಲ್ಕು ಜನ ಇರಲಿ, ಅದೇ ದಂಡಿಗೆ, ಅದೇ ಭಾರ.